ಫ್ರಾಂಕ್‌ಫರ್ಟ್‌ನ ನದಿ ದಂಡೆಯ ಮ್ಯೂಸಿಯಂಗಳು: ಮಕ್ಕಳಿದ್ದರೆ ಯಾವುದು ಮೊದಲು?

ಪ್ರಶ್ನೆ
ಶನಿವಾರ ಮೈನ್ ನದಿ ದಂಡೆಯ ಮ್ಯೂಸಿಯಂಗಳಿಗೆ ಹೋಗಬೇಕೆಂದಿದ್ದೇವೆ. ಮಕ್ಕಳಿಗೆ 4 ಮತ್ತು 8 ವರ್ಷ, ಚಿಕ್ಕವಳಿಗೆ ಸ್ಟ್ರಾಲರ್ ಬೇಕೇ ಬೇಕು. ಒಂದೇ ದಿನದಲ್ಲಿ ಎಷ್ಟು ನೋಡಬಹುದು? ಡೈನೋಸಾರ್ ಕೂಡ ಅಲ್ಲೇ ಇದೆಯಾ?

ಉತ್ತರ 1
ಎರಡೇ ಸಾಕು: ಫಿಲ್ಮ್ ಮ್ಯೂಸಿಯಂ, ಕಮ್ಯುನಿಕೇಷನ್ ಮ್ಯೂಸಿಯಂ. ಎರಡೂ ಶೌಮೈನ್‌ಕಾಯ್ ರಸ್ತೆಯಲ್ಲೇ, ಹತ್ತಿರ ಹತ್ತಿರ. ಕಮ್ಯುನಿಕೇಷನ್ ಮ್ಯೂಸಿಯಂನ ಟೆಲಿಫೋನ್ ಕುರಿಗಳನ್ನು ಚಿಕ್ಕವಳು ಬಿಟ್ಟು ಬರುವುದೇ ಕಷ್ಟ: ಹಳೇ ಡಯಲ್ ಫೋನೇ ಮುಖ, ರಿಸೀವರೇ ಪಾದ, ಸುರುಳಿ ವೈರೇ ಉಣ್ಣೆ. ಫಿಲ್ಮ್ ಮ್ಯೂಸಿಯಂನಲ್ಲಿ ಸಿನಿಮಾ ಹುಟ್ಟುವ ಮೊದಲಿನ ಆಟಿಕೆಗಳಿವೆ. ಒಳಗೆ ಚಿತ್ರಗಳ ಸಾಲಿರುವ, ತಿರುಗುವ ಡ್ರಮ್ಮನ್ನು ಮಕ್ಕಳು ಮೇಲಿನಿಂದ ಬಗ್ಗಿ ನೋಡುತ್ತಾರೆ, ಆಗ ಎಲ್ಲ ಕಲಸಿಹೋದಂತೆ ಕಾಣುತ್ತದೆ. ಕಣ್ಣನ್ನು ಪಕ್ಕದ ಸೀಳಿನ ಮಟ್ಟಕ್ಕೆ ತರಬೇಕು. ಪ್ರತಿ ಸೀಳೂ ಒಂದೊಂದು ಚಿತ್ರವನ್ನು ಕ್ಷಣ ಮಾತ್ರ ತೋರಿಸುವುದರಿಂದಲೇ ಚಿತ್ರದ ಕುದುರೆ ಓಡಿದಂತೆ ಕಾಣುತ್ತದೆ. 8 ವರ್ಷದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅವಸರ ಮಾಡಬೇಡಿ.

ಉತ್ತರ 2
ಸ್ಟ್ರಾಲರ್ ಇದ್ದರೆ ಐಸರ್ನರ್ ಶ್ಟೇಗ್ ಕಬ್ಬಿಣದ ಸೇತುವೆ ಬೇಡ. ಎರಡೂ ತುದಿಯಲ್ಲಿ ಮೆಟ್ಟಿಲು, ಲಿಫ್ಟ್ ಕೆಟ್ಟಿದ್ದರೆ ಹೊತ್ತುಕೊಂಡೇ ಹತ್ತಬೇಕು. ವಿಲ್ಲಿ-ಬ್ರಾಂಟ್-ಪ್ಲಾಟ್ಸ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ಉಂಟರ್‌ಮೈನ್‌ಬ್ರ್ಯೂಕೆ ಮೇಲೆ ನಡೆಯಿರಿ. ಅದು ರಸ್ತೆ ಮಟ್ಟದ ಸೇತುವೆ, ದಾಟಿದರೆ ಎದುರಿಗೇ ಫಿಲ್ಮ್ ಮ್ಯೂಸಿಯಂ. ಶೌಮೈನ್‌ಕಾಯ್‌ನಲ್ಲಿ ಶನಿವಾರ ಬಿಟ್ಟು ಶನಿವಾರ ಹಳೇ ಸಾಮಾನಿನ ಸಂತೆ ಇರುತ್ತದೆ. ಆ ದಿನವಾದರೆ ಮಧ್ಯಾಹ್ನ 2ರವರೆಗೆ ಸ್ಟ್ರಾಲರ್ ತಳ್ಳುವುದು ಕಷ್ಟ.

ಡೈನೋಸಾರ್ ಇರುವ ಸೆಂಕೆನ್‌ಬರ್ಗ್ ಮ್ಯೂಸಿಯಂ ದಂಡೆಯಲ್ಲಿಲ್ಲ, ಬೋಕನ್‌ಹೈಮರ್ ವಾರ್ಟೆ ನಿಲ್ದಾಣದ ಹತ್ತಿರ. ವಿಲ್ಲಿ-ಬ್ರಾಂಟ್-ಪ್ಲಾಟ್ಸ್‌ನಿಂದ U4 ಮೆಟ್ರೋ ನೇರ ಹೋಗುತ್ತದೆ. ಅದಕ್ಕೆ ಬೇರೆ ದಿನ ಇಡಿ, ಅರ್ಧ ದಿನವಾದರೂ ಬೇಕು.

ಉತ್ತರ 3
ದಂಡೆಯಲ್ಲೇ ಇರುವ ಶ್ಟೇಡೆಲ್ ಕಲಾ ಮ್ಯೂಸಿಯಂ ಬಿಡಬೇಡಿ ಅಂತ ನನ್ನ ಅಭಿಪ್ರಾಯ. ಇಡೀ ಮ್ಯೂಸಿಯಂ ಸುತ್ತಬೇಕಿಲ್ಲ, ಮುಕ್ಕಾಲು ಗಂಟೆ ಸಾಕು. ಟಿಶ್‌ಬೈನ್ 1787ರಲ್ಲಿ ಬರೆದ, ಬಿಳಿ ನಿಲುವಂಗಿಯ ಕವಿ ಗೋತೆಯ ಚಿತ್ರದ ಮುಂದೆ 8 ವರ್ಷದ ಮಗುವಿಗೆ ಒಂದೇ ಕೆಲಸ ಕೊಡಿ: ಪಾದಗಳನ್ನು ನೋಡು. ಎರಡೂ ಎಡಗಾಲೇ! ಇಂಥ ಹುಡುಕಾಟ ಕೊಟ್ಟರೆ ಮಕ್ಕಳು ಮುಂದಿನ ಚಿತ್ರಕ್ಕೆ ತಾವೇ ಓಡುತ್ತಾರೆ. ಆಮೇಲೆ ನೆಲದಡಿಯ ಹೊಸ ಸಭಾಂಗಣಕ್ಕೆ ಇಳಿಯಿರಿ. ಅದರ ಚಾವಣಿಯಲ್ಲಿ 195 ದುಂಡು ಬೆಳಕಿಂಡಿಗಳಿವೆ, ಮೇಲೆ ಹುಲ್ಲುಹಾಸು.

ಬುತ್ತಿ ಕಟ್ಟಿಕೊಂಡು ಹೋದರೆ ದಂಡೆಯ ಮರಗಳ ಕೆಳಗಿನ ಬೆಂಚೇ ಒಳ್ಳೆಯದು. ಹುಲ್ಲಿನ ಮೇಲೆ ಹಾಸುವ ಮುನ್ನ ನೋಡಿಕೊಳ್ಳಿ, ಬಾತುಗಳ ಹಿಕ್ಕೆ ಎಲ್ಲೆಂದರಲ್ಲಿ. ಲಾಕರ್‌ಗೆ 1 ಮತ್ತು 2 ಯೂರೋ ನಾಣ್ಯ ಇಟ್ಟುಕೊಳ್ಳಿ. ಭಾನುವಾರಕ್ಕೆ ಮುಂದೂಡಿದರೆ ದಿನಸಿ ಶನಿವಾರವೇ ತಂದಿಡಿ, ಅಂಗಡಿಗಳು ಮುಚ್ಚಿರುತ್ತವೆ. ಸೋಮವಾರವಂತೂ ಬೇಡ, ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ.