ಪುಟ್ಟಿಗೆ, ಕೊನೇ ಸೆಮಿಸ್ಟರ್ ಬಗ್ಗೆ

ಪುಟ್ಟಿ, ನಿನ್ನೆ ರಾತ್ರಿ ಮನೆ ಗ್ರೂಪಲ್ಲಿ ನೀನು ಹಾಕಿದ್ದನ್ನ ಬೆಳಿಗ್ಗೆ ಎದ್ದ ತಕ್ಷಣ ಓದಿದೆ ಕಣೇ. ಆಮೇಲೆ ಕೆಲಸದ ಮಧ್ಯೆ ಇನ್ನೆರಡು ಸಲ ಓದಿದೆ. ಟೈಪ್ ಮಾಡಕ್ಕೆ ಕೂತ್ರೆ ಇವತ್ತಿಗೆ ಮುಗಿಯಲ್ಲ, ಅದಕ್ಕೇ ಮಾತಲ್ಲೇ ಹೇಳ್ತಿದೀನಿ. ಉದ್ದ ಆಗುತ್ತೆ, ನಿಧಾನಕ್ಕೆ ಕೇಳು. ಬೇರೆ ಕಳಿಸದೆ ಗ್ರೂಪಲ್ಲೇ ಯಾಕೆ ಹಾಕ್ತಿದೀನಿ ಅಂದ್ರೆ, ಒಂದೆರಡು ಮಾತು ಮನೆಯವರ ಕಿವಿಗೂ ಬೀಳ್ಲಿ ಅಂತ.

ಪ್ರಾಜೆಕ್ಟ್ ಅರ್ಧಕ್ಕೇ ನಿಂತಿದೆ, ನಾಲ್ಕು ಜನ ಇದ್ರೂ ಇಬ್ಬರೇ ಕೋಡ್ ಬರೀತಿದೀವಿ ಅಂದೆ. ಆರು ಇಂಟರ್ವ್ಯೂ ಆಯ್ತು, ಆರರಲ್ಲೂ ಬೇಡ ಅಂದ್ರು ಅಂದೆ. ಕೊನೇಲಿ ಬರ್ದಿದ್ಯಲ್ಲ, "ನಾಲ್ಕು ವರ್ಷದಲ್ಲಿ ನಾನು ಕಲಿತಿದ್ದನ್ನೆಲ್ಲ ಈಗ ಎಐ ಒಂದು ನಿಮಿಷದಲ್ಲಿ ಬರೆದುಕೊಡುತ್ತೆ, ಹಾಗಾದ್ರೆ ನಾನು ಏನು ಓದಿದೆ?" ಅಂತ, ಆ ಸಾಲು ಇಡೀ ದಿನ ನನ್ನ ತಲೇಲೇ ಇತ್ತು. ಅಲ್ಲಿಂದಲೇ ಶುರು ಮಾಡ್ತೀನಿ.

ಬೈನರಿ ಸರ್ಚ್ ನಿಂಗೆ ಗೊತ್ತು. ಮೊದಲನೇ ವರ್ಷದಲ್ಲೇ ಬರೆದಿರ್ತೀಯ. ಜೋಡಿಸಿಟ್ಟ ಪಟ್ಟಿಯಲ್ಲಿ ಒಂದನ್ನ ಹುಡುಕೋಕೆ ಮಧ್ಯದ್ದನ್ನ ನೋಡೋದು, ಚಿಕ್ಕದಾದ್ರೆ ಆ ಕಡೆ, ದೊಡ್ಡದಾದ್ರೆ ಈ ಕಡೆ. ಹುಡುಕೋ ಭಾಗದ ಮೊದಲನೇ ಸ್ಥಾನದ ನಂಬರ್ ಲೋ, ಕೊನೇದು ಹೈ; ಮಧ್ಯ ಕಂಡುಹಿಡಿಯೋಕೆ ಲೋ ಮತ್ತು ಹೈ ಕೂಡಿಸಿ ಎರಡರಿಂದ ಭಾಗಿಸ್ತೀವಿ. ಅಷ್ಟೇ ತಾನೆ? ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಸ್ವಂತ ಲೈಬ್ರರಿಯಲ್ಲಿ, ಅಂದ್ರೆ ಅದರ ಜೊತೆಗೇ ಬರೋ ಸಿದ್ಧ ಕೋಡಿನಲ್ಲಿ, ಇದೇ ಸಾಲು ಸುಮಾರು ಒಂಬತ್ತು ವರ್ಷ ತಪ್ಪಾಗಿ ಕೂತಿತ್ತು. ಅದನ್ನ ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಬಹಿರಂಗವಾಗಿ ಹೇಳಿದ್ರು. ಲೋ ಮತ್ತು ಹೈ ಎರಡೂ ದೊಡ್ಡದಾಗಿ, ಮೊತ್ತ 2147483647 ದಾಟಿದ್ರೆ, 32 ಬಿಟ್ಟಿನ ಇಂಟಿಜರ್ ಒಳಗೆ ಅದು ಹಿಡಿಯಲ್ಲ (ಅದರಲ್ಲಿ ಹಿಡಿಯೋ ಅತಿ ದೊಡ್ಡ ಸಂಖ್ಯೆ ಅದೇ), ಸುತ್ತಿಕೊಂಡು ಮೈನಸ್ ಆಗುತ್ತೆ. ಮೈನಸ್ ಇಂಡೆಕ್ಸ್, ಅಂದ್ರೆ ಮೈನಸ್ ಸ್ಥಾನದ ನಂಬರ್, ಇಟ್ಕೊಂಡು ಪಟ್ಟಿ ಒಳಗೆ ಹೋದ್ರೆ ಪ್ರೋಗ್ರಾಂ ಬಿದ್ದುಹೋಗುತ್ತೆ. ಪಟ್ಟಿಯಲ್ಲಿ 107 ಕೋಟಿಗಿಂತ ಹೆಚ್ಚು ಅಂಶ ಇದ್ದಾಗ ಮಾತ್ರ ಹಿಂಗಾಗೋದು, ಅದಕ್ಕೇ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬ್ಲಾಕ್ ಅವರಿಗೆ ಅಲ್ಗಾರಿದಮ್ ಪಾಠ ಹೇಳಿದ ಜಾನ್ ಬೆಂಟ್ಲಿ, ಸರಿ ಇದೆ ಅಂತ ಸಾಧಿಸಿ ತಮ್ಮ ಪುಸ್ತಕದಲ್ಲಿ ಕೊಟ್ಟ ಪ್ರೋಗ್ರಾಮಿನಲ್ಲೂ ಇದೇ ಕೂಡುವಿಕೆ ಇತ್ತು. ಸರಿ ಮಾಡೋದು ಒಂದೇ ಸಾಲು: ಹೈನಲ್ಲಿ ಲೋ ಕಳೆದು, ಅದರ ಅರ್ಧ ಲೋಗೆ ಸೇರಿಸೋದು.

ಇದನ್ನ ಯಾಕೆ ಹೇಳ್ದೆ ಗೊತ್ತಾ? ಆ ತಪ್ಪು ಅರ್ಥ ಆಗ್ಬೇಕಾದ್ರೆ ಮೊದಲನೇ ವರ್ಷದ ಸರ್ಚ್ ಒಂದೇ ಸಾಲದು. ಕಂಪ್ಯೂಟರ್ ಆರ್ಗನೈಸೇಷನ್‌ನಲ್ಲಿ, ಪರೀಕ್ಷೆಗಾಗಿ ಉರು ಹೊಡೆದೆ ಅಂತ ನೀನೇ ಬೇಜಾರು ಮಾಡ್ಕೊಂಡಿದ್ಯಲ್ಲ ಟೂಸ್ ಕಾಂಪ್ಲಿಮೆಂಟು, ಕಂಪ್ಯೂಟರ್ ಮೈನಸ್ ಸಂಖ್ಯೆನ ಬಿಟ್ಟಲ್ಲಿ ಇಡೋ ರೀತಿ, ಅದೂ ಬೇಕು. ನಾನು ಈ ಕತೆ ಹೇಳ್ದಾಗ "ಸುತ್ತಿಕೊಂಡು ಮೈನಸ್ ಆಗುತ್ತೆ" ಅನ್ನೋ ಮಾತು ನಿಂಗೆ ತಕ್ಷಣ ಹೊಳೀತು, ಹೌದೋ ಅಲ್ವೋ? ಈ ಗ್ರೂಪಲ್ಲಿ ಇನ್ಯಾರಿಗೂ ಹೊಳೆದಿರಲ್ಲ. ನೀನು ಓದಿದ್ದು ಅದೇ ಪುಟ್ಟಿ. ಎಐ ಬರೆದುಕೊಡೋದು ಸಾಲುಗಳನ್ನ. ಆ ಸಾಲು ಯಾವಾಗ ಸುಳ್ಳು ಹೇಳುತ್ತೆ ಅಂತ ಹಿಡಿಯೋಕೆ ಒಂದು ಸಬ್ಜೆಕ್ಟು ಇನ್ನೊಂದರ ಜೊತೆ ನಿನ್ನ ತಲೆಯೊಳಗೆ ಸೇರಿರಬೇಕು, ಅದು ಸೇರಿದೆ. ನಿಂಗೆ ಕಾಣಿಸ್ತಿಲ್ಲ ಅಷ್ಟೇ, ಯಾಕಂದ್ರೆ ಪರೀಕ್ಷೆ ಒಂದೊಂದು ಸಬ್ಜೆಕ್ಟಿಗೆ ಬೇರೆಬೇರೆಯಾಗಿ ನಡೆಯುತ್ತೆ.

ಎಐ ಬಳಸಬೇಡ ಅಂತ ನಾನು ಹೇಳಲ್ಲ, ನಾನೂ ದಿನಾ ಬಳಸ್ತೀನಿ. ಒಂದು ಕಟ್ಟುಪಾಡು ಇಟ್ಕೋ: ವೈವಾದಲ್ಲಿ ಕೈ ಇಟ್ಟು ತೋರಿಸಿ "ಇದು ಯಾಕೆ?" ಅಂದ್ರೆ ಉತ್ತರ ಹೇಳಕ್ಕಾಗದ ಸಾಲು ನಿನ್ನ ಪ್ರಾಜೆಕ್ಟಿನಲ್ಲಿ ಇರಬಾರದು. ಅದು ಬರೆದುಕೊಟ್ಟ ಫಂಕ್ಷನ್ನಿಗೆ ಖಾಲಿ ಪಟ್ಟಿ ಕೊಟ್ಟು ನೋಡು, ಒಂದೇ ಅಂಶ ಇರೋದು ಕೊಡು, ಎಲ್ಲಾ ಒಂದೇ ಥರ ಇರೋದು ಕೊಡು. ಎಲ್ಲಿ ಮುರಿಯುತ್ತೋ ಅಲ್ಲಿಂದ ನಿನ್ನ ಕೆಲಸ.

ಈಗ ಪ್ರಾಜೆಕ್ಟ್ ಬಗ್ಗೆ. ನನ್ನ ಕೊನೇ ವರ್ಷದ್ದನ್ನ ನಿಂಗೆ ಯಾವತ್ತೂ ಹೇಳಿಲ್ಲ. ಅಕ್ಕಂಗೂ ಪೂರ್ತಿ ಗೊತ್ತಿಲ್ಲ.

ನಮ್ದು ರೋಗ ಗುರುತಿಸೋ ಪ್ರಾಜೆಕ್ಟ್. 2000 ಜನರ ದಾಖಲೆ ಇರೋ ಡೇಟಾ. ಆ ಡೇಟಾ ನೋಡಿ ಕಲಿತು ರೋಗ ಇದೆಯೋ ಇಲ್ವೋ ಹೇಳೋ ಮಾಡೆಲ್ ತಯಾರಾಯ್ತು, ಅಕ್ಯುರೆಸಿ, ಅಂದ್ರೆ ಸರಿಯಾಗಿ ಹೇಳಿದ್ದು, 95 ಪರ್ಸೆಂಟ್ ಬಂತು. ಆ ಸಂಖ್ಯೆನ ರಿಪೋರ್ಟಿನ ಮೊದಲನೇ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ವಿ. ವೈವಾಗೆ ಮುಂಚೆ ಒಂದು ಡೆಮೊ ಇತ್ತು. ಅಲ್ಲಿಗೆ ಬಂದಿದ್ದ ಮೇಡಂ ಸ್ಲೈಡ್ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಈ 2000ದಲ್ಲಿ ರೋಗ ಇರೋರು ಎಷ್ಟು ಜನ?" ನಾವು ಯಾರೂ ಎಣಿಸೇ ಇರಲಿಲ್ಲ. ಅಲ್ಲೇ ಲ್ಯಾಪ್‌ಟಾಪ್ ತೆಗೆದು ಎಣಿಸಿದ್ವಿ. 100. ಮೇಡಂ ಏನೂ ಗದರಲಿಲ್ಲ. "ಹಾಗಾದ್ರೆ ನಾನು ಕಣ್ಣು ಮುಚ್ಕೊಂಡು ಎಲ್ಲರಿಗೂ ರೋಗ ಇಲ್ಲ ಅಂದ್ರೂ 95 ಪರ್ಸೆಂಟ್ ಸರಿ ಆಗುತ್ತಲ್ಲಮ್ಮ" ಅಂದ್ರು. ನಂಗೆ ಕೈಕಾಲು ತಣ್ಣಗಾಯ್ತು. ಹೊರಗೆ ಬಂದು ಲ್ಯಾಬ್ ಮೆಟ್ಟಿಲ ಮೇಲೆ ಕೂತು ಅತ್ತೆ.

ಆಮೇಲೆ ಟೆಸ್ಟಿಗೆ ಇಟ್ಟಿದ್ದ 400 ಜನರಲ್ಲಿ ನೋಡಿದ್ರೆ, ರೋಗ ಇದ್ದ 20 ಜನರ ಪೈಕಿ ನಮ್ಮ ಮಾಡೆಲ್ ಗುರುತಿಸಿದ್ದು 3 ಜನರನ್ನ. ಯಾರನ್ನ ಕಂಡುಹಿಡಿಯೋಕೆ ಅಂತ ಮಾಡಿದ್ವೋ ಅವರನ್ನೇ ಬಿಟ್ಟಿತ್ತು. ಮೂರು ದಿನ ಕೂತು, ಸಂಖ್ಯೆ ಕಡಿಮೆ ಇರೋ ಗುಂಪಿಗೆ ಹೆಚ್ಚು ತೂಕ ಕೊಟ್ಟು ಮಾಡೆಲ್‌ನ ಮತ್ತೆ ಟ್ರೈನ್ ಮಾಡಿದ್ವಿ, ಅಂದ್ರೆ ಮತ್ತೆ ಕಲಿಸಿದ್ವಿ. 20ರಲ್ಲಿ 14 ಜನ ಸಿಕ್ಕಿದ್ರು. ಅಕ್ಯುರೆಸಿ ಮಾತ್ರ 88ಕ್ಕೆ ಇಳೀತು. ಟೀಮಲ್ಲಿ ದೊಡ್ಡ ಜಗಳ ಆಯ್ತು. 95 ಇದ್ದಿದ್ದನ್ನ 88 ಮಾಡಿ ತೋರಿಸೋದಾ ಅಂತ ಒಬ್ಬಳು ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಕೊನೆಗೆ ನಡೆದಿದ್ದನ್ನ ನಡೆದ ಹಾಗೇ ಬರೆದ್ವಿ. ಮೊದಲು ಬಂದಿದ್ದು ಇಷ್ಟು, ಅದು ಯಾಕೆ ಮೋಸ, ಆಮೇಲೆ ಬಂದಿದ್ದು ಇಷ್ಟು, ಇನ್ನೂ 6 ಜನ ತಪ್ಪಿಹೋಗ್ತಿದ್ದಾರೆ, ರೋಗ ಇಲ್ಲದ 42 ಜನರಿಗೆ ಇದೆ ಅಂತಿದೆ.

ಆ ನಾಲ್ಕು ಪುಟ ನನ್ನ ನಾಲ್ಕು ವರ್ಷದಲ್ಲಿ ನಾನು ಬರೆದ ಅತ್ಯಂತ ನಿಜವಾದ ನಾಲ್ಕು ಪುಟ. ಮುಂದೆ ಒಂದು ಇಂಟರ್ವ್ಯೂನಲ್ಲಿ ಪ್ರಾಜೆಕ್ಟ್ ಬಗ್ಗೆ ಹೇಳು ಅಂದಾಗ 95 ಹೇಗೆ 88 ಆಯ್ತು ಅಂತ ಹೇಳ್ದೆ. ಅರ್ಧ ಗಂಟೆ ಅದರ ಬಗ್ಗೆನೇ ಕೇಳಿದ್ರು. ಅಲ್ಲಿ ಕೆಲಸ ಕೊಡ್ಲಿಲ್ಲ, ಬೇರೆ ರೌಂಡಲ್ಲಿ ಹೋಯ್ತು. ಆದ್ರೆ ಮೊದಲನೇ ಸಲ ಯಾರದೋ ಎದುರು ಕೂತು, ನಂಗೆ ಗೊತ್ತಿರೋದನ್ನ ಗೊತ್ತು ಅಂತ ತಡವರಿಸದೆ ಹೇಳಿದ್ದು ಅವತ್ತು. ಮುಂದಿನ ಇಂಟರ್ವ್ಯೂಗೆ ನಾನು ಹೋಗಿದ್ದು ಆ ಧೈರ್ಯದ ಮೇಲೆ.

ಅದಕ್ಕೇ ಹೇಳ್ತೀನಿ, ಉಳಿದಿರೋ ತಿಂಗಳುಗಳಲ್ಲಿ ಹೊಸಹೊಸ ಕೋರ್ಸಿಗೆ ಓಡಬೇಡ. ನಿನ್ನ ಪ್ರಾಜೆಕ್ಟನ್ನ ಬುಡದವರೆಗೆ ತಿಳ್ಕೋ. ಅದು ಚಿಕ್ಕದಾದ್ರೂ ಚಿಂತೆ ಇಲ್ಲ. ಬಟನ್ ಒತ್ತಿದ್ರೆ ರಿಕ್ವೆಸ್ಟ್ ಎಲ್ಲಿಗೆ ಹೋಗುತ್ತೆ, ಡೇಟಾಬೇಸಿನಲ್ಲಿ ಬೇಗ ಹುಡುಕೋಕೆ ಇಟ್ಟಿರೋ ಆ ಇಂಡೆಕ್ಸ್ ಯಾಕೆ ಇದೆ, ಅದನ್ನ ತೆಗೆದ್ರೆ ಎಷ್ಟು ನಿಧಾನ ಆಗುತ್ತೆ. ತೆಗೆದು, ಅಳೆದು, ಬರೆದಿಡು.

ಟೀಮ್ ವಿಷಯ. ಕೋಪ ಬರೋದು ಸಹಜ. ಆದ್ರೆ ಆ ಇಬ್ಬರನ್ನ ಕೊನೇ ವಾರದಲ್ಲಿ ಎಳೆದುತಂದು ಕೋಡಿಗೆ ಕೂರಿಸಬೇಡ. ತಡವಾದ ಸಾಫ್ಟ್‌ವೇರಿಗೆ ಜನ ಸೇರಿಸಿದ್ರೆ ಇನ್ನೂ ತಡ ಆಗುತ್ತೆ ಅಂತ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದ್ರು, ಹೊಸಬರಿಗೆ ಹೇಳಿಕೊಡೋದ್ರಲ್ಲೇ ಗೊತ್ತಿರೋರ ಸಮಯ ಹೋಗುತ್ತೆ. ಈಗಲೇ, ಈ ವಾರವೇ, ಅಳತೆ ಗೊತ್ತಿರೋ ಕೆಲಸ ಕೊಡು. ಒಬ್ಬರು ಟೆಸ್ಟ್ ಕೇಸ್ ಬರೀಲಿ, ಇನ್ನೊಬ್ಬರು ಬೇರೆ ಮೆಷಿನ್‌ನಲ್ಲಿ ಮೊದಲಿಂದ ಇನ್‌ಸ್ಟಾಲ್ ಮಾಡಿ ಎಲ್ಲೆಲ್ಲಿ ನಿಲ್ಲುತ್ತೆ ಅಂತ ಪಟ್ಟಿ ಮಾಡ್ಲಿ. ಎರಡನೇದು ಸಣ್ಣ ಕೆಲಸ ಅಲ್ಲ, "ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿತ್ತು ಸಾರ್" ಅಂತ ಎಷ್ಟು ಡೆಮೊ ನಿಂತಿದ್ದನ್ನ ನೋಡಿದೀನಿ. ಬಳಸೋ ಲೈಬ್ರರಿಗಳ ವರ್ಷನ್ ನಂಬರ್ ಬದಲಾಗದ ಹಾಗೆ ಬರೆದು ಕಟ್ಟಿಹಾಕು, ಕೋಡಿನ ಬದಲಾವಣೆ ದಾಖಲಿಸೋ ಗಿಟ್‌ನಲ್ಲಿ ದಿನಾ ಕಮಿಟ್ ಮಾಡು, ಅಂದ್ರೆ ಅವತ್ತಿನ ಕೆಲಸ ಸೇರಿಸಿಡು, ಡೆಮೊ ಒಂದು ಸಲ ರೆಕಾರ್ಡ್ ಮಾಡಿಟ್ಕೋ. ಯಾರು ಏನು ಮಾಡಿದ್ರು ಅಂತ ಕಮಿಟ್‌ಗಳೇ ಹೇಳುತ್ವೆ, ನೀನು ಗೈಡ್ ಹತ್ರ ದೂರು ಹೇಳೋ ಅಗತ್ಯ ಬೀಳಲ್ಲ. ಇಷ್ಟಾದ್ರೂ ಅವರು ಮಾಡ್ಲಿಲ್ಲ ಅಂದ್ರೆ ಆಗ ಗೈಡ್‌ಗೆ ಶಾಂತವಾಗಿ ಹೇಳು, ಸುಮ್ಮನಿರಬೇಡ.

ಇನ್ನೊಂದು, ಮರೆಯೋ ಮುಂಚೆ. ಕಾಲೇಜ್ ಇಮೇಲಿನಲ್ಲಿ ಏನೇನು ಇಟ್ಟಿದೀಯೋ ಅದನ್ನೆಲ್ಲ ನಿನ್ನ ಸ್ವಂತ ಖಾತೆಗೆ ಈಗಲೇ ಸಾಗಿಸು. ಓದು ಮುಗಿದ ಮೇಲೆ ಆ ಖಾತೆ ಎಷ್ಟೋ ಕಡೆ ಮುಚ್ಚಿಬಿಡ್ತಾರೆ. ಮುಂದೆ ಓದೋ ಯೋಚನೆ ಸ್ವಲ್ಪ ಇದ್ರೂ, ನಿನ್ನ ಮುಖ ನೆನಪಿರುವಾಗಲೇ ಟೀಚರ್ ಹತ್ರ ಶಿಫಾರಸು ಪತ್ರದ ಮಾತು ಎತ್ತು.

ಭಾವ, ದೊಡ್ಡಮ್ಮ, ಈಗ ನಿಮಗೆ. ಬೇಜಾರು ಮಾಡ್ಕೋಬೇಡಿ. "ಏನಾಯ್ತಮ್ಮ, ಕೆಲಸ ಸಿಕ್ತಾ" ಅಂತ ನೀವು ಪ್ರೀತಿಯಿಂದ್ಲೇ ಕೇಳೋದು, ನಂಗೊತ್ತು. ಆದ್ರೆ ಆರು ಕಡೆ ಬೇಡ ಅನ್ನಿಸ್ಕೊಂಡ ಮಗುವಿಗೆ ಅದು ಏಳನೇ ಸಲ ಬೇಡ ಅಂದ ಹಾಗೆ ಕೇಳ್ಸುತ್ತೆ. ಸಿಕ್ಕಾಗ ಅವಳೇ ಮೊದಲು ಇಲ್ಲೇ ಹೇಳ್ತಾಳೆ. ಅಲ್ಲಿವರೆಗೆ "ಇವತ್ತು ಏನು ಬರೆದೆ, ನಂಗೂ ತೋರ್ಸು" ಅಂತ ಕೇಳಿ. ಅರ್ಥ ಆಗದಿದ್ರೂ ಕೂತು ನೋಡಿ. ಅಕ್ಕ, ನೀನು ಒಂದು ದಿನವೂ ಕೇಳದೆ ಸುಮ್ಮನೆ ಅವಳ ಪಕ್ಕದಲ್ಲಿ ಕೂತಿರ್ತೀಯಂತೆ, ಪುಟ್ಟಿ ನಂಗೆ ಹೇಳಿದ್ಲು.

ಪುಟ್ಟಿ, ಆ ಆರು ಇಂಟರ್ವ್ಯೂನಲ್ಲಿ ಕೇಳಿದ ಪ್ರಶ್ನೆಗಳಲ್ಲಿ ನೆನಪಿರೋವಷ್ಟು ಇವತ್ತು ರಾತ್ರಿ ಬರೆದು ನಂಗೆ ಕಳ್ಸು. ಉತ್ತರ ಬೇಡ, ಪ್ರಶ್ನೆ ಮಾತ್ರ. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಕಾಲ್ ಮಾಡ್ತೀನಿ, ಸ್ಕ್ರೀನ್ ಶೇರ್ ಮಾಡು. ಮೇನ್ ಫೈಲ್ ತೆಗೆದಿಟ್ಟಿರು. ಮೊದಲನೇ ಸಾಲಿಂದ "ಇದು ಯಾಕೆ" ಅಂತ ಕೇಳ್ತಾ ಹೋಗ್ತೀನಿ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅನ್ನು, ಅಲ್ಲೇ ನಿಲ್ಸಿ ಇಬ್ಬರೂ ನೋಡೋಣ. ಇಡ್ತೀನಿ ಈಗ.