ಅಪ್‌ಡೇಟ್: ಪ್ರೊಸೆಸರ್ ಬಿಸಿ ಕೊನೆಗೂ ಇಳಿಯಿತು

ಡೆಸ್ಕ್‌ಟಾಪ್ ಸುಮ್ನೆ ಆನ್ ಇದ್ದರೂ ಪ್ರೊಸೆಸರ್ 70 ಡಿಗ್ರಿ ತೋರಿಸುತ್ತದೆ, ವಿಡಿಯೊ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಕೊನೆಯ ಫೈಲ್ ಮಾಡಲು) ಹಾಕಿದರೆ ಸೀದಾ 100 ಮುಟ್ಟುತ್ತದೆ, ಯಾಕೆ ಅಂತ ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ. ಕಾರಣ ಸಿಕ್ಕಿತು.

ಪ್ರೊಸೆಸರ್ ಮೇಲೆ ಕೂರುವ ಕೂಲರ್‌ನ ಫ್ಯಾನ್ ಚೆನ್ನಾಗಿಯೇ ತಿರುಗುತ್ತಿತ್ತು. ಧೂಳು ತೆಗೆದರೂ ಹೆಚ್ಚೇನೂ ಇಳಿಯಲಿಲ್ಲ. "ಕೂಲರ್ ಸರಿಯಾಗಿ ಕೂತಿದೆಯಾ ನೋಡಿ" ಎಂದವರ ಮಾತೇ ನಿಜವಾಯಿತು. ಇಂಟೆಲ್ ಪ್ರೊಸೆಸರ್ ಜೊತೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ ಅಲ್ವಾ, ಅದರಲ್ಲಿ ಒಂದು ಮದರ್‌ಬೋರ್ಡಿನೊಳಗೆ ಪೂರ್ತಿ ಇಳಿದೇ ಇರಲಿಲ್ಲ. ಬಿಚ್ಚಿ ನೋಡಿದರೆ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸಲು ನಡುವೆ ಹಚ್ಚುವ ಲೇಪ) ಒಂದು ಕಡೆ ತೆಳ್ಳಗೆ ಹರಡಿತ್ತು, ಇನ್ನೊಂದು ಕಡೆ ಹಾಕಿದ ಹಾಗೇ ದಪ್ಪಗೆ ಒಣಗಿತ್ತು. ಜೋಡಿಸಿಕೊಟ್ಟ ಅಂಗಡಿಯವರು ಬೋರ್ಡಿನ ಹಿಂಭಾಗ ಒಮ್ಮೆ ನೋಡಿದ್ದರೂ ಗೊತ್ತಾಗುತ್ತಿತ್ತು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಿಂದ ಹೊಸ ಪೇಸ್ಟ್ ತಂದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮಧ್ಯದಲ್ಲಿ ಬಟಾಣಿ ಕಾಳಿನಷ್ಟು ಹಾಕಿ, ಪಿನ್‌ಗಳನ್ನು ಎದುರುಬದುರು ಮೂಲೆಯಂತೆ ಒತ್ತಿದೆ. ಟಕ್ ಅಂತ ಸದ್ದು ಬರಲೇಬೇಕು.

ಈಗ ಸುಮ್ನೆ ಇದ್ದಾಗ 42, ರೆಂಡರ್‌ನಲ್ಲಿ 76. ಬೆಂಗಳೂರಿನ ಏಪ್ರಿಲ್ ಸೆಕೆಗೆ, ಎಸಿ ಇಲ್ಲದ ರೂಮಿಗೆ, ಇಷ್ಟು ಸಾಕು. 100ರ ಹತ್ತಿರ ಹೋದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ರೆಂಡರ್ ನಿಧಾನ ಆಗುತ್ತಿದ್ದದ್ದೂ ಅದಕ್ಕೇ. ದುಬಾರಿ ಕೂಲರ್ ಸದ್ಯಕ್ಕೆ ಬೇಡ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.