ಸಿಮೆಂಟ್ ಕೊಕ್ಕರೆಯ ಕತ್ತು ಬಿರುಕು ಬಿಟ್ಟಿದೆ, ಉಳಿಸಬಹುದಾ?

ಹಿತ್ತಲಮಣ್ಣು:
ಕೈತೋಟದ ತೊಟ್ಟಿ ಪಕ್ಕ ನಿಲ್ಲಿಸೋಣ ಅಂತ ಮೂರಡಿ ಎತ್ತರದ ಕೊಕ್ಕರೆ ಮಾಡಿದೆ. ಕಾಲಿಗೆ 8 ಎಂ.ಎಂ. ಸರಳು, ಕತ್ತಿಗೆ ಒಂದೇ ಒಂದು ದಪ್ಪ ತಂತಿ, ಹೊಟ್ಟೆಯೊಳಗೆ ಹಳೇ ಪೇಪರ್ ಉಂಡೆ, ಮೇಲೆ ಚಿಕನ್ ಮೆಶ್ (ಕೋಳಿಗೂಡಿನ ತಂತಿ ಬಲೆ). ಗಾರೆ 1:3, ಅಂದರೆ ಒಂದು ಪಾಲು ಸಿಮೆಂಟ್‌ಗೆ ಮೂರು ಪಾಲು ಮರಳು. ಎರಡನೇ ದಿನವೇ ಬೆನ್ನ ಮೇಲೆ ಬತ್ತಿದ ಕೆರೆಯ ತಳದ ಹಾಗೆ ಸಣ್ಣ ಗೆರೆಗಳು ಬಂದವು. ನಾಲ್ಕನೇ ದಿನ ಕತ್ತಿನ ಬುಡದ ಸುತ್ತ ಉಗುರು ತೂರುವಷ್ಟು ಬಿರುಕು. ವಾಲ್ ಪುಟ್ಟಿ ತುಂಬಿದೆ, ಮಾರನೇ ದಿನ ಅದೂ ಬಿಟ್ಟುಕೊಂಡಿತು. ಒಡೆದು ಹೊಸದಾಗಿ ಮಾಡಬೇಕಾ?

ಗಾರೆಕೈ:
ತಡೀರಿ, ಒಡೀಬೇಡಿ. ನೀರು ಎಷ್ಟು ಹಾಕಿದ್ರಿ? ಮಾಡಿದ ಮೇಲೆ ಎಲ್ಲಿಟ್ಟಿದ್ರಿ?

ಹಿತ್ತಲಮಣ್ಣು:
ನೀರು ಕಣ್ಣಂದಾಜು. ಚೆನ್ನಾಗಿ ಒಣಗಲಿ ಅಂತ ಬಿಸಿಲಲ್ಲಿಟ್ಟೆ. ಬೆನ್ನು ನುಣುಪಾಗಲಿ ಅಂತ ಕೊನೆಗೆ ಒಣ ಸಿಮೆಂಟ್ ಎರಚಿ ತೀಡಿದೆ.

ಗಾರೆಕೈ:
ಬೆನ್ನಿನ ಗೆರೆಗಳಿಗೆ ಉತ್ತರ ನೀವೇ ಕೊಟ್ಟುಬಿಟ್ರಿ. ಸಿಮೆಂಟ್ ಒಣಗಿ ಗಟ್ಟಿಯಾಗೋದಲ್ಲ, ನೀರಿನ ಜೊತೆ ಸೇರಿ ಗಟ್ಟಿಯಾಗೋದು. ಬಿಸಿಲು ಆ ನೀರನ್ನೇ ಕದ್ದುಬಿಡ್ತು, ಒಳಗಿನ ಪೇಪರ್ ಇನ್ನಷ್ಟು ಕುಡೀತು. ಮೇಲೆ ಎರಚಿದ ಒಣ ಸಿಮೆಂಟ್‌ನಲ್ಲಿ ಮರಳಿಲ್ಲ, ಹಾಗಾಗಿ ಅದು ಕೆಳಗಿನ ಗಾರೆಗಿಂತ ಜಾಸ್ತಿ ಕುಗ್ಗುತ್ತೆ. ಆ ತೆಳು ಪದರ ಕುಗ್ಗಿ ಜಾಲದ ಹಾಗೆ ಸೀಳಿದೆ, ಅಷ್ಟೇ. ನೋಡೋಕೆ ಭಯ, ಆದರೆ ಆಳ ಇಲ್ಲ. ಈಗಲೂ ಒದ್ದೆ ಗೋಣಿ ಹೊದೆಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ. ಕನಿಷ್ಠ ಏಳು ದಿನ, ಪೂರ್ತಿ ಬಲಕ್ಕೆ 28 ದಿನ ಲೆಕ್ಕ.

ಮುಂದಿನ ಸಲ ಒಂದು ಕೆ.ಜಿ. ಸಿಮೆಂಟ್‌ಗೆ 400ರಿಂದ 450 ಮಿ.ಲೀ. ನೀರು ಸಾಕು, ಮರಳು ಒದ್ದೆಯಿದ್ದರೆ ಇನ್ನೂ ಕಮ್ಮಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳೀಬಾರದು. ಹಿಂಡೋವಾಗ ಗ್ಲೌಸ್ ಇರಲಿ, ಒದ್ದೆ ಸಿಮೆಂಟ್ ಚರ್ಮ ಸುಡುತ್ತೆ. ಕತ್ತಿಗೂ ಇದೇ ಕಾರಣ, ಚೆನ್ನಾಗಿ ನೆನೆಸಿ ಗಾರೆ ಮೆತ್ತಿ.

ಕರಣೆಪುಟ್ಟ:
ಕತ್ತಿನ ವಿಷಯದಲ್ಲಿ ನಾನು ಒಪ್ಪಲ್ಲ. ಕುಗ್ಗಿದ ಬಿರುಕು ಬಲೆ ಥರ ಹರಡುತ್ತೆ. ಒಂದೇ ಗೆರೆ ಬಳೆ ಹಾಕಿದ ಹಾಗೆ ಸುತ್ತು ಬಂದಿದೆ ಅಂದರೆ ಒಳಗೆ ಏನೋ ಅಲ್ಲಾಡ್ತಿದೆ. ಕೊಕ್ಕಿನ ತುದಿ ಹಿಡಿದು ಮೆಲ್ಲಗೆ ಅಲುಗಿಸಿ, ಇನ್ನೊಂದು ಕೈಯ ಹೆಬ್ಬೆರಳು ಬಿರುಕಿನ ಮೇಲಿರಲಿ.

ಹಿತ್ತಲಮಣ್ಣು:
ಅಯ್ಯೋ ಹೌದು. ಬಿರುಕು ಬಾಯಿ ಬಿಟ್ಟು ಮುಚ್ಚುತ್ತೆ!

ಕರಣೆಪುಟ್ಟ:
ಹಾಗಿದ್ದರೆ ಏನು ತುಂಬಿದರೂ ನಿಲ್ಲಲ್ಲ. ಪುಟ್ಟಿಯ ತಪ್ಪಲ್ಲ ಅದು. ಬಿರುಕಿನ ಎರಡೂ ಕಡೆ ಎರಡಿಂಚು ಉಳಿ ಹಿಡಿದು ತಂತಿ ಕಾಣೋವರೆಗೆ ಬಿಡಿಸಿ. ತಂತಿಯ ಬುಡ ಕಾಲಿನ ಸರಳಿಗೆ ಬಿಗಿಯಾಗಿ ಕಟ್ಟಿದೆಯಾ ನೋಡಿ. ಜೊತೆಗೆ ಇನ್ನೆರಡು ತಂತಿ ಸೇರಿಸಿ ಬೈಂಡಿಂಗ್ ವೈರ್‌ನಲ್ಲಿ ಬಿಗಿದು, ಮೇಲೆ ಮೆಶ್ ಎರಡು ಸುತ್ತು. ಹಳೇ ಅಂಚನ್ನು ರಾತ್ರಿಯೆಲ್ಲ ಒದ್ದೆ ಇಟ್ಟು, ಅಕ್ರಿಲಿಕ್ ಬಾಂಡಿಂಗ್ ದ್ರವ ಬೆರೆಸಿದ ಸಿಮೆಂಟ್ ಹಾಲು (ನೀರಲ್ಲಿ ಕದಡಿದ ತೆಳು ಸಿಮೆಂಟ್) ಬಳಿದು, ಅದು ಆರುವ ಮುಂಚೆಯೇ ಗಾರೆ ಒತ್ತಿ. ಆರಿಹೋದ ಸಿಮೆಂಟ್ ಹಾಲು ಅಂಟಿಸೋ ಬದಲು ಬಿಡಿಸುತ್ತೆ.

ಬಿರುಕು ಹಾಗೇ ಬಿಡೋದಂತೂ ಬೇಡ. ಗಾರೆಯ ಕ್ಷಾರ ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತೆ. ನೀರು, ಗಾಳಿ ಒಳಹೊಕ್ಕರೆ ಆ ಕಾವಲು ಮುಗೀತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತೆ, ಉಬ್ಬಿದ್ದು ಗಾರೆಯನ್ನ ಒಳಗಿಂದ ಸಿಡಿಸುತ್ತೆ. ಹೊಟ್ಟೆಯ ಕೆಳಗೆ ಪೆನ್ಸಿಲ್ ಗಾತ್ರದ ತೂತು ಕೊರೀರಿ, ಪೇಪರ್ ಕುಡಿದ ನೀರು ಇಳಿದುಹೋಗಲಿ.

ಹೂಬಳ್ಳಿ:
ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದರೆ ಅರ್ಧ ಗಂಟೆಯಲ್ಲಿ ಗಟ್ಟಿ, ನಾನು ಮನೆಯೊಳಗಿನ ಗೊಂಬೆಗೆ ಅದನ್ನೇ ಹಾಕೋದು.

ಕರಣೆಪುಟ್ಟ:
ಮನೆಯೊಳಗೆ ಸರಿ. ಹೊರಗೆ ಮಳೆಗೆ ಮೆತ್ತಗಾಗುತ್ತೆ. ಒದ್ದೆ ಇರೋ ಕಡೆ ಅದರಲ್ಲಿನ ಜಿಪ್ಸಮ್‌ಗೆ, ಸಿಮೆಂಟ್ ಜೊತೆ ಸೇರಿ ಉಬ್ಬುವ ಗುಣವೂ ಇದೆ. ಬೇಡವೇ ಬೇಡ.

ಹಿತ್ತಲಮಣ್ಣು:
ಎನಾಮೆಲ್ ಪೇಂಟ್ ತಂದಿಟ್ಟಿದ್ದೇನೆ, ಯಾವಾಗ ಬಳಿಯಲಿ?

ಗಾರೆಕೈ:
ಅದನ್ನ ಗೇಟಿಗೆ ಬಳಿಯಿರಿ. ಹೊಸ ಸಿಮೆಂಟ್‌ನ ಕ್ಷಾರ ಎಣ್ಣೆ ಆಧಾರದ ಪೇಂಟನ್ನ ಅಕ್ಷರಶಃ ಸಾಬೂನು ಮಾಡಿಬಿಡುತ್ತೆ, ಅಂಟಂಟಾಗಿ ಸುಲಿದು ಬರುತ್ತೆ. 28 ದಿನ ಬಿಟ್ಟು ಕ್ಷಾರ ತಡೆಯುವ ಪ್ರೈಮರ್, ಮೇಲೆ ಹೊರಗೋಡೆಯ ಅಕ್ರಿಲಿಕ್. ಅಷ್ಟರಲ್ಲಿ ಬಿಳಿ ಪುಡಿ ಕಂಡರೆ ಒಣ ಬ್ರಶ್‌ನಲ್ಲಿ ಉಜ್ಜಿ, ಅದು ಒಳಗಿನ ಸುಣ್ಣ ಹೊರಬಂದದ್ದು. ಕತ್ತಿನ ವಿಷಯದಲ್ಲಿ ಪುಟ್ಟ ಹೇಳಿದ್ದೇ ಸರಿ, ನಾನು ಅವಸರ ಮಾಡಿದೆ.

ಹಿತ್ತಲಮಣ್ಣು (ಹನ್ನೊಂದು ದಿನದ ನಂತರ):
ಬಿಡಿಸಿದೆ. ತಂತಿ ಸರಳಿಗೆ ಮುಟ್ಟಿಯೇ ಇರಲಿಲ್ಲ! ಪೇಪರ್ ಉಂಡೆಯೊಳಗೆ ಚುಚ್ಚಿಕೊಂಡು ನಿಂತಿತ್ತು, ಅಗರಬತ್ತಿ ಬಾಳೆಹಣ್ಣಿಗೆ ಚುಚ್ಚಿದ ಹಾಗೆ. ಈಗ ಮೂರು ತಂತಿ, ಬಿಗಿದ ಕಟ್ಟು. ಒಂಬತ್ತು ದಿನ ಗೋಣಿಯೊಳಗಿತ್ತು, ಇವತ್ತು ಬಿಚ್ಚಿ ಕೊಕ್ಕು ಹಿಡಿದು ಅಲುಗಿಸಿದರೆ ಇಡೀ ಕೊಕ್ಕರೆಯೇ ಅಲುಗುತ್ತೆ, ಕತ್ತು ಜಪ್ಪಯ್ಯ ಅನ್ನಲ್ಲ. ಕಟ್ಟುವಾಗ ಬಾಗು ಸ್ವಲ್ಪ ತಪ್ಪಿತು. ತೊಟ್ಟಿ ನೋಡಬೇಕಾದ್ದು ಈಗ ತನ್ನ ಕಾಲನ್ನೇ ನೋಡಿಕೊಳ್ತಿದೆ. ಹಾಗೇ ಇರಲಿ ಬಿಡಿ.